ಚಿಗರಿಯ ಎಡಗೈ

ಕೊಟ್ರಪ್ಪ ಮಣೆಯ ಮೇಲೆ ಕೂತು, ಎಡಗೈ ಮುಂದೆ ಚಾಚಿ, ಬಲಗೈಯಿಂದ ತಂಬಿಗೆ ಬಗ್ಗಿಸಿ ಅಂಗೈಯ ಮೇಲೆ ನೀರು ಹನಿಸಿದ. ಅಂಗೈಯಲ್ಲಿ ಏನೂ ಇರಲಿಲ್ಲ. ನೀರು ಬೆರಳ ಸಂದಿಯಿಂದ ಇಳಿದು ಕೆಳಗಿನ ತಟ್ಟೆಗೆ ಬಿತ್ತು, ಸದ್ದು ಮಾತ್ರ ದಿನದ ಹಾಗೆಯೇ ಇತ್ತು. ಆ ಸದ್ದಿಗಾಗಿಯೇ ಅವನು ನೀರು ಹನಿಸುತ್ತಿದ್ದ. ಬಾಗಿಲ ಆಚೆ ಪಡಸಾಲೆಯಲ್ಲಿ ಅವ್ವ ವಿರೂಪಾಕ್ಷಮ್ಮ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳ ಕಿವಿ ಮೊರದ ಮೇಲಲ್ಲ, ಈ ಕೋಣೆಯ ಮೇಲಿರುತ್ತದೆ ಎಂಬುದು ಹುಟ್ಟಿದಾಗಿನಿಂದ ಅವನಿಗೆ ಗೊತ್ತು. ನೀರಾಯಿತು, ವಿಭೂತಿ ಬೇಕು. ವಿಭೂತಿ ಗಟ್ಟಿಯನ್ನು ಒದ್ದೆ ಬೆರಳಿಂದ ತಿಕ್ಕಿ ಬರಿಯ ಅಂಗೈಗೆ ಹಚ್ಚಿದ. ಒಂದು ಪತ್ರಿ ಏರಿಸಿದ. ಪತ್ರಿ ನಿಲ್ಲಲಿಲ್ಲ, ಜಾರಿ ತೊಡೆಯ ಮೇಲೆ ಬಿತ್ತು. ಅದನ್ನು ಎತ್ತಿ ಮತ್ತೆ ಏರಿಸಿದ, ಮತ್ತೆ ಬಿತ್ತು. ಮೂವತ್ತು ದಾಟಿದ ಗಂಡಸು, ಯಲಬುರ್ಗಿಯ ಹತ್ತಿ ಜಿನ್ನಿನಲ್ಲಿ ಪಾಲುದಾರ, ಊರಿಗೇ ಮೊದಲ ಫಟಫಟಿ ಮೋಟಾರುಸೈಕಲ್ಲು ತಂದವ, ಹೀಗೆ ಬರಿಗೈಗೆ ಎಲೆ ಏರಿಸುತ್ತ ಆಟಕ್ಕೆ ಕೂತಿದ್ದೇನಲ್ಲ ಎಂದು ನಗೆ ಬಂತು. ಅವನು ಹಲ್ಲು ಕಚ್ಚಿಕೊಂಡು ಕಣ್ಣು ಮುಚ್ಚಿದ. ಮುಚ್ಚಿದ ಕೂಡಲೇ ಆ ಚಿಗರಿ ಎದುರಿಗೆ ನಿಂತಿತು.

ಅದು ಹಾರಿ ಬಂತೋ, ಅಲ್ಲೇ ನಿಂತಿತ್ತೋ ಎಂದು ಯಾರಾದರೂ ಕೇಳಿದರೆ ಅವನು ಹೇಳಲಾರ. ನಿನ್ನೆ ಹತ್ತಿರದ ಮಂಗಳೂರೆಂಬ ಹಳ್ಳಿಯ ಒಕ್ಕಲಿಗರ ಹತ್ತಿಯ ವ್ಯಾಪಾರ ಮಾತಾಡಿಕೊಂಡು ಬರುವಾಗ ಕತ್ತಲಾಗಿತ್ತು. ರಸ್ತೆಯ ಧೂಳು ತಣ್ಣಗಾಗಿ, ಎರಡೂ ಕಡೆ ಜೋಳದ ಹೊಲದ ಹಸಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಅವನು ಜೋರಾಗಿ ಹಾಡಿಕೊಳ್ಳುತ್ತಿದ್ದ. ಇಂಜಿನಿನ ಸದ್ದಿನಲ್ಲಿ ತನ್ನ ದನಿ ತನಗೇ ಕೇಳದ್ದರಿಂದ ಛಲೋ ಹಾಡುತ್ತಿದ್ದೇನೆ ಎಂಬ ಭ್ರಮೆ. ದೂರದಲ್ಲಿ ಎರಡು ಹಸಿರು ದೀಪ ಕಂಡವು, ಯಾರೋ ಕಂದೀಲು ಹಿಡಿದು ಬರುತ್ತಿದ್ದಾರೆ, ಬೆಳಕಿಗೆ ಅಂಜಿ ಪಕ್ಕಕ್ಕೆ ಹಾರುತ್ತಾರೆ ಎಂದುಕೊಂಡ. ನಿಜ ಹೇಳಬೇಕೆಂದರೆ ಹಾಗೆ ಹಾರುವುದನ್ನು ನೋಡುವ ಆಸೆಯೂ ಇತ್ತು. ಯುದ್ಧ ಮುಗಿದ ಮೇಲೆ ಸಿಕಂದರಾಬಾದಿನಲ್ಲಿ ಮಿಲಿಟರಿಯವರು ಹರಾಜು ಹಾಕಿದ ಈ ಗಾಡಿಯನ್ನು ತಂದಾಗಿನಿಂದ ಎತ್ತು, ಎಮ್ಮೆ, ಮುದುಕರು, ಒಮ್ಮೆ ತಹಸೀಲಿನ ಜವಾನನೂ ಹಾರಿದ್ದರು. ದೀಪ ಹಾರಲಿಲ್ಲ. ಆಮೇಲೆ ಕೊಂಬು, ಬಿಳಿಯ ಹೊಟ್ಟೆ, ಯಾರೋ ಕೊರಳಿಗೆ ಕೈಹಾಕಿ ಜಗ್ಗಿದ ಹಾಗೆ ಒಂದು ಸೆಳೆತ, ಬಾಯಿ ತುಂಬ ಮಣ್ಣು.

ಎಚ್ಚರಾದಾಗ ಇಂಜಿನು ಸತ್ತಿತ್ತು. ಮುಂದಿನ ದೀಪ ತಿರುಚಿಕೊಂಡು ಆಕಾಶಕ್ಕೆ ಮುಖಮಾಡಿ ಉರಿಯುತ್ತಿತ್ತು. ಗಾಲಿ ತಾನೇ ತಾನಾಗಿ ಟಿಕ್ ಟಿಕ್ ಎಂದು ತಿರುಗುತ್ತಿತ್ತು, ಅದು ನಿಂತ ಮೇಲೆ ಲೋಕದಲ್ಲಿ ಒಂದೂ ಸದ್ದು ಉಳಿಯಲಿಲ್ಲ. ತಾನು ಸತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಹೆದರಿಕೆಯಾಗಲಿಲ್ಲ, ಸತ್ತ ಮೇಲೂ ಮೊಣಕಾಲು ಉರಿಯುತ್ತದಲ್ಲ ಎಂದು ಸ್ವಲ್ಪ ಬೇಜಾರಾಯಿತು, ಅಷ್ಟೇ. ಆಗ ಬೆಳಕಿನ ಅಂಚಿನಲ್ಲಿ ಚಿಗರಿ ಎದ್ದು ನಿಂತಿತು. ಗಂಡು ಚಿಗರಿ, ತಿರುಪು ತಿರುಪಾದ ಉದ್ದನೆಯ ಕೊಂಬು. ಕೊಂಬಿನಲ್ಲಿ ಏನೋ ಬೆಳ್ಳಗೆ ತೂಗುತ್ತಿತ್ತು, ಹರಿದ ತನ್ನ ಅಂಗಿಯ ಚೂರು ಎಂದುಕೊಂಡ. ಅದು ಅವನನ್ನು ನೋಡಿತು. ಸಿಟ್ಟಿನಿಂದಲ್ಲ, ಯಾರ ಮನೆಯವನೋ ಎಂದು ಗುರುತು ಹಿಡಿಯುವವರ ಹಾಗೆ. ನೋಡಿ, ಕುಂಟುತ್ತ ಹೊಲದ ಕತ್ತಲಿಗೆ ಇಳಿದು ಹೋಯಿತು. ಅದು ಹೋಯಿತಲ್ಲ, ಬದುಕಿತಲ್ಲ ಎಂದು ಅವನಿಗೆ ಅಳು ಬಂತು.

ಮಿಕ್ಕ ದಾರಿಯನ್ನು ಗಾಡಿ ತಳ್ಳಿಕೊಂಡೇ ನಡೆದ. ಬಾಗಿಲು ತೆರೆದ ಹೆಂಡತಿ ಶಂಕ್ರಮ್ಮ ರಕ್ತ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವ ಹಿಂದಿನಿಂದ ಕಂದೀಲು ಎತ್ತಿ ಹಿಡಿದು ಏನಾಯಿತೆಂದು ಕೇಳಿದಳು. ಕಲ್ಲಿಗೆ ಬಡಿಯಿತು ಎಂದ. ಯಾಕೆ ಹಾಗೆ ಹೇಳಿದನೋ ಅವನಿಗೇ ತಿಳಿಯದು. ಚಿಗರಿ ಎಂದರೆ ಎಲ್ಲಿತ್ತು, ಏನಾಯಿತು, ಸತ್ತಿತೇ, ಜೀವಹತ್ಯೆ ಮಾಡಿ ಬಂದೆಯಾ ಎಂದು ಸಾಲುಗಟ್ಟಿ ಬರುವ ಪ್ರಶ್ನೆಗಳಿಗಿಂತ ಕಲ್ಲು ಸುಲಭ. ಕಲ್ಲು ಯಾರನ್ನೂ ನೋಡುವುದಿಲ್ಲ. ಶಂಕ್ರಮ್ಮ ಬೆಲ್ಲ ಕದಡಿದ ನೀರು ತಂದಳು. ಚರಿಗಿ ಎತ್ತಿ ಗಟಗಟ ಕುಡಿದ, ಇನ್ನೊಂದು ಚರಿಗಿ ಕೇಳಿ ಅದನ್ನೂ ಕುಡಿದ. ಆಮೇಲೆ ಬಚ್ಚಲಿಗೆ ಹೋಗಿ ಅಂಗಿ ಬಿಚ್ಚಿ, ಎಷ್ಟೋ ವರ್ಷದ ರೂಢಿಯಂತೆ ಶಿವದಾರ ನೆನೆಯದಿರಲೆಂದು ಎತ್ತಿ ಹಿಡಿಯಲು ಎದೆಗೆ ಕೈ ಹಾಕಿದ. ಕೈಗೆ ಎದೆಯ ಕೂದಲು ಸಿಕ್ಕಿತು. ಕೊರಳ ಸುತ್ತ ದಾರ ಕೊಯ್ದ ಗೆರೆ ಉರಿಯುತ್ತಿತ್ತು. ದಾರ ಇರಲಿಲ್ಲ, ಬೆಳ್ಳಿಯ ಗುಂಡಗಡಗಿ ಇರಲಿಲ್ಲ, ಅದರೊಳಗಿನ ಲಿಂಗ ಇರಲಿಲ್ಲ. ಲಿಂಗವಿಲ್ಲದ ಮೈಯಲ್ಲಿ ಎರಡು ಚರಿಗಿ ನೀರು ಕುಡಿದಾಗಿತ್ತು.

ಹೊಳೀ ದಂಡಿಗೆ ಕುಂತು ನೀರು ಮುಟ್ಟಲಿಲ್ಲ ನಮ್ಮಪ್ಪ. ಅವ್ವನ ಈ ಮಾತು ಅವರ ಮನೆಯಲ್ಲಿ ಗಾದೆಯಷ್ಟೇ ಬಳಕೆಯದು. ಅವ್ವನ ಅಪ್ಪ, ಸಾಣಾಪುರದ ಅಮರಪ್ಪ, ತುಂಗಭದ್ರೆಯಲ್ಲಿ ಜಳಕಕ್ಕೆ ಇಳಿದಾಗ ದಾರ ಹರಿದು ಲಿಂಗ ಮಡುವಿನ ಪಾಲಾಯಿತು. ಮುಳುಗು ಹಾಕುವವರು ಮುಳುಗಿ ಮುಳುಗಿ ಸೋತರು. ಅಮರಪ್ಪ ದಂಡೆಯ ಬಂಡೆಯ ಮೇಲೆ ಕೂತವನು ಏಳಲಿಲ್ಲ. ಲಿಂಗ ಹೋದ ಮೇಲೆ ಈ ಜೀವ ಯಾರದು ಎಂದನಂತೆ. ಸ್ವಾಮಿಗಳು ಬಂದು ಬೇರೆ ಲಿಂಗ ಕೊಡುತ್ತೇವೆ ಎಂದರೂ ಒಪ್ಪದೆ, ಅಷ್ಟು ದೊಡ್ಡ ಹೊಳೆ ಎದುರಿಗೇ ಹರಿಯುತ್ತಿರುವಾಗ ಒಂದು ಹನಿ ಬಾಯಿಗೆ ಹಾಕದೆ ಅಲ್ಲೇ ಜೀವ ಬಿಟ್ಟ. ಪೂಜೆಗೆ ಮೊದಲು ಹಸಿವೆ ಎಂದರೆ ಈ ಕಥೆ, ಜ್ವರದಲ್ಲಿ ಕಷಾಯಕ್ಕೆ ಮುಖ ತಿರುವಿದರೆ ಈ ಕಥೆ, ಫಟಫಟಿ ತಂದ ದಿನವೂ ಇದೇ ಕಥೆ. ಹೇಳುವಾಗ ಅವ್ವ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಗಂಡಸು ಎಂದರೆ ಹೀಗಿರಬೇಕು ಎಂಬ ಅಳತೆಗೋಲು ಆ ಬೆನ್ನಿನಲ್ಲಿತ್ತು, ಕೊಟ್ರಪ್ಪ ಯಾವ ದಿನವೂ ಅದರ ಅರ್ಧಕ್ಕೂ ನಿಲುಕಿರಲಿಲ್ಲ. ಈಗ ಅವಳ ಮುಂದೆ ಹೋಗಿ ಏನೆಂದು ಹೇಳುವುದು? ಲಿಂಗ ಹೋಯಿತು, ನಾನು ಉಳಿದೆ, ಬೆಲ್ಲದ ನೀರು ಕುಡಿದೆ, ಛಲೋ ಇತ್ತು ಎಂದೇ?

ಹಾಗೆಂದು ಅಜ್ಜನ ಹಾಗೆ ಸಾಯುವ ಇರಾದೆ ಅವನಿಗೆ ಇರಲಿಲ್ಲ. ಇದೇ ಅವನ ನಾಚಿಕೆ. ಇನ್ನು ಲಿಂಗ ಸಿಗುವವರೆಗೆ ನೀರು ಮುಟ್ಟಬಾರದು ಎಂದು ಬಚ್ಚಲಿನಲ್ಲಿ ನಿಂತೇ ಆಣೆ ಹಾಕಿಕೊಂಡಿದ್ದ. ಅದು ಭಕ್ತಿಯ ಆಣೆಯೋ, ಅವ್ವನ ಅಂಜಿಕೆಯ ಆಣೆಯೋ ಎಂದು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ. ಈಗ ಬೆಳಿಗ್ಗೆ ಬರಿಗೈ ಪೂಜೆ ಮುಗಿಸಿ ಕೋಣೆಯಿಂದ ಹೊರಗೆ ಬಂದು, ಗೆರೆ ಕಾಣದಂತೆ ಕೊರಳಿಗೆ ವಲ್ಲಿ ಸುತ್ತಿಕೊಂಡು, ತಟ್ಟೆಯ ಮುಂದೆ ಕೂತ. ರೊಟ್ಟಿ ಮುರಿದು ಬಾಯಲ್ಲಿ ಇಟ್ಟರೆ ಅದು ಬಾಯಲ್ಲೇ ತಿರುಗಿತು. ಬಿಸಿ ತುಪ್ಪದ ಹಾಗೆ ನುಂಗಲೂ ಆಗದು, ಉಗುಳಲೂ ಆಗದು. ಅವ್ವ, ಇವನಿಗೆ ಅಂಜಿಕೆಯಾಗಿದೆ, ಕಾಲುಧೂಳಿ ತೆಗೆದು ದೃಷ್ಟಿ ಇಳಿಸಬೇಕು ಎಂದಳು. ಅವನು ಹಿತ್ತಲಿಗೆ ಹೋಗಿ ತುತ್ತು ಉಗುಳಿ, ಚರಿಗಿಯ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿದ. ತಿರುಗಿದರೆ ಶಂಕ್ರಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಅವಳ ಕೈಯಲ್ಲಿ ಅವನ ಹರಿದ ಅಂಗಿ ಇತ್ತು. ಅವಳು ಅಂಗಿಯನ್ನು ನೋಡಿದಳು, ಅವನ ಕೊರಳಿನ ವಲ್ಲಿಯನ್ನು ನೋಡಿದಳು, ಅಂಗಿಯನ್ನು ನೀರಿನಲ್ಲಿ ಅದ್ದಿದಳು.

ಅಷ್ಟರಲ್ಲಿ ಊರೇ ಮನೆಗೆ ಬಂತು. ಬದುಕಿದವನನ್ನು ನೋಡಲು ಬರುವವರ ಕಣ್ಣಿನಲ್ಲಿ ಒಂದು ಸಣ್ಣ ನಿರಾಸೆ ಇರುತ್ತದೆ ಎಂಬುದು ಕೊಟ್ರಪ್ಪನಿಗೆ ಮೊದಲ ಸಲ ಕಂಡಿತು. ಕೈ ಮುರಿದಿಲ್ಲ, ಕಾಲು ಮುರಿದಿಲ್ಲ, ಮೊಣಕಾಲಿಗೆ ಅರಿಸಿನ ಹಚ್ಚಿಕೊಂಡು ಕಂಬಕ್ಕೆ ಒರಗಿ ಕೂತಿದ್ದಾನೆ, ಇಷ್ಟಕ್ಕೆ ಓಣಿ ದಾಟಿ ಬರಬೇಕಿತ್ತೇ? ತಲಿಗೆ ಬಂದದ್ದು ತಲಿಪಾಗಿಗೆ ಹೋತು ಎಂದು ಒಬ್ಬರು, ಫಟಫಟಿಗಿಂತ ಎತ್ತಿನ ಬಂಡಿ ಲೇಸು, ಎತ್ತಿಗೆ ಕಣ್ಣಿರುತ್ತವೆ ಎಂದು ಇನ್ನೊಬ್ಬರು. ಎಲ್ಲರೂ ಎದ್ದು ಹೋಗುವಾಗ ಹೇಳಿದ ಮಾತು ಮಾತ್ರ ಒಂದೇ, ಕೊರಳಿನ ಲಿಂಗಪ್ಪ ಕಾದ ಎಂದು. ಪ್ರತಿಸಲವೂ ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ನೋಡಿದವರು ಅದನ್ನು ಭಕ್ತಿ ಎಂದುಕೊಂಡರು.

ಜಿಲಾನಸಾಬ ಮಾತ್ರ ಹಾಗೆನ್ನಲಿಲ್ಲ. ಜಿನ್ನಿನ ಇಂಜಿನು ನೋಡಿಕೊಳ್ಳುವ ಜಿಲಾನಸಾಬ ಅವನ ವಾರಿಗೆಯವನೇ, ಫಟಫಟಿ ಕಲಿಸಿದವನೂ ಅವನೇ. ಅಂಗಳದಲ್ಲಿ ಗಾಡಿಯನ್ನು ಮಗ್ಗುಲಿಗೆ ಮಲಗಿಸಿ, ಡೊಂಕಾದ ದೀಪದ ಬಳೆಯಿಂದ ಏನನ್ನೋ ಚಿವುಟಿ ತೆಗೆದು, ಅಂಗೈಯಲ್ಲಿ ಇಟ್ಟುಕೊಂಡು ಬಂದ. ಕಂದು ಕೂದಲಿನ ಒಂದು ಕುಚ್ಚು.

"ಕಲ್ಲಿಗೆ ಕೂದಲ ಇರ್ತಾವೇನು ಕೊಟ್ರಪ್ಪ?"

ಕೊಟ್ರಪ್ಪ ಬಾಗಿಲ ಕಡೆ ನೋಡಿದ. ಅವ್ವ ಒಳಗಿದ್ದಳು. ದೀಪದ ಗಾಜು ಹುಡುಕಿ ತರಬೇಕು, ಈ ಕಡೆ ಅಂಥದ್ದು ಸಿಗುವುದಿಲ್ಲ ಎಂದು ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿ, ಕುಂಟುತ್ತಲೇ ಜಿಲಾನಸಾಬನನ್ನು ಕರೆದುಕೊಂಡು ಹೊರಟ. ಊರು ದಾಟಿದ ಮೇಲೆ ಎಲ್ಲವನ್ನೂ ಹೇಳಿದ. ಜಿಲಾನಸಾಬ ಕೇಳಿ, ಒಂದು ಕಲ್ಲು ಎಡವಿ, ಕಲ್ಲನ್ನು ಬೈದು, ಕೊಪ್ಪಳದ ಮಠಕ್ಕೆ ಹೋದರೆ ಇನ್ನೊಂದು ಕೊಡುವುದಿಲ್ಲವೇ ಎಂದ. ಕೊಡುತ್ತಾರೆ. ಹಳೆಯದು ಏನಾಯಿತು ಎಂದೂ ಕೇಳುತ್ತಾರೆ. ಮಠದಲ್ಲಿ ಕೇಳಿದ್ದು ಸಂಜೆಯೊಳಗೆ ಯಲಬುರ್ಗಿಯಲ್ಲಿ ಇರುತ್ತದೆ. ಬಿಸಿಲು ಏರಿತ್ತು, ನಾಲಗೆ ಅಂಗುಳಿಗೆ ಅಂಟತೊಡಗಿತ್ತು. ಜಿಲಾನಸಾಬ ಹೆಗಲಿನ ನೀರಿನ ಚೀಲ ಬಿಚ್ಚಿ ಕುಡಿದ, ಇವನ ಕಡೆ ಚಾಚಿದ, ನೆನಪಾಗಿ ಹಿಂದಕ್ಕೆ ಎಳೆದುಕೊಂಡ. ಆಮೇಲೆ ತಾನೂ ಕುಡಿಯಲಿಲ್ಲ.

ಬಿದ್ದ ಜಾಗ ಹಗಲಿನಲ್ಲಿ ಬಹಳ ಸಣ್ಣದಾಗಿ ಕಂಡಿತು. ರಸ್ತೆಯಲ್ಲಿ ಒಂದು ತಗ್ಗು, ಗಾಜಿನ ಚೂರು, ಎಣ್ಣೆಯ ಕಲೆ, ಅದರ ಮೇಲೆ ಬೆಳಗಿನಿಂದ ಹಾಯ್ದ ಬಂಡಿಗಳ ಗಾಲಿಯ ಗೆರೆ. ಇಷ್ಟರಲ್ಲಿ ತಾನು ಸತ್ತಿದ್ದೆ ಎಂದುಕೊಂಡಿದ್ದೆನಲ್ಲ! ಇಬ್ಬರೂ ಬಗ್ಗಿ ಧೂಳು ಕೆದರಿದರು, ಬದುವಿನ ಹುಲ್ಲು ಸರಿಸಿದರು, ಜಾಲಿ ಮುಳ್ಳಿನಲ್ಲಿ ಕೈ ಹಾಕಿ ಗೀರಿಸಿಕೊಂಡರು. ದಾರವಿಲ್ಲ, ಗುಂಡಗಡಗಿಯಿಲ್ಲ. ಹೊಲದ ಅಂಚಿನಲ್ಲಿ ಜೋಳದ ಎಲೆಯ ಮೇಲೆ ಒಣಗಿದ ರಕ್ತ ಕಂಡಿತು. ಆಗ ಅವನಿಗೆ ಆ ಕೊಂಬು ನೆನಪಾಯಿತು, ಕೊಂಬಿನಲ್ಲಿ ತೂಗುತ್ತಿದ್ದದ್ದು ನೆನಪಾಯಿತು. ಅಂಗಿಯ ಚೂರು ಅದಲ್ಲ. ಕೊರಳಿಗೆ ಕೈಹಾಕಿ ಜಗ್ಗಿದವರು ಯಾರೆಂದು ತಿಳಿದು ಅವನು ಬದುವಿನ ಮೇಲೆ ಕೂತುಬಿಟ್ಟ. ಸ್ವಾಮಿಗಳು ಕಿವಿಯಲ್ಲಿ ಮಂತ್ರ ಹೇಳಿ ಕಟ್ಟಿದ್ದನ್ನು ಒಂದು ಚಿಗರಿ ಬಿಚ್ಚಿಕೊಂಡು ಹೋಗಿತ್ತು.

ರಕ್ತದ ಹನಿ ಹಿಡಿದು ಹೋದರೆ ಒಂದು ಬೋಳು ಗುಡ್ಡ, ಗುಡ್ಡದ ಬುಡದಲ್ಲಿ ಕುರಿ ಕಾಯುವ ಮುದಿಯಪ್ಪನ ಗುಡಿಸಲು. ಈ ಗುಡ್ಡದಲ್ಲಿ ಹಿಂದೆ ಲಿಂಗ ಕಟ್ಟಿದ ಒಬ್ಬ ಅಯ್ಯ ಇದ್ದ, ಬೇಡಿ ತಂದ ಜೋಳವನ್ನು ಚಿಗರಿಗಳಿಗೆ ಚೆಲ್ಲಿ ಅವುಗಳ ನಡುವೆಯೇ ಮಲಗುತ್ತಿದ್ದ, ಒಂದು ಬರಗಾಲದಲ್ಲಿ ಕಾಣೆಯಾದವನ ಹೆಣವೂ ಸಿಗಲಿಲ್ಲ ಎಂಬ ಮಾತನ್ನು ಕೊಟ್ರಪ್ಪ ಸಣ್ಣವನಿದ್ದಾಗ ಕೇಳಿದ್ದ. ಗುಡಿಸಲಿನ ಪಕ್ಕದಲ್ಲಿ ನಾಲ್ಕಾರು ಜನ ಕೂಡಿದ್ದರು. ನಡುವೆ ಹಸಿಮಣ್ಣಿನ ಒಂದು ದಿಬ್ಬ, ಮೇಲೆ ವಿಭೂತಿಯ ಪಟ್ಟೆ, ಪತ್ರಿ, ಒಡೆದ ಒಂದು ಕಾಯಿ. ಅದನ್ನು ನೋಡಿದ ಕೂಡಲೇ ಅವನಿಗೆ ಎಲ್ಲವೂ ಗೊತ್ತಾಯಿತು ಎಂದರೆ ಸುಳ್ಳು. ಗೊತ್ತಾದದ್ದು ಕಾಲಿಗೆ, ಕಾಲು ಅಲ್ಲೇ ನಿಂತುಬಿಟ್ಟಿತು.

ಮುದಿಯಪ್ಪ ತಲೆಗೆ ಹೊಸದಾಗಿ ಒಗೆದ ರುಮಾಲು ಸುತ್ತಿದ್ದ. ಕೇಳುವವರು ಸಿಕ್ಕರೆಂದು ಮುಖ ಅರಳಿತು. ಬೆಳಗಾಗುವ ಮುಂಚೆ ಕುರಿ ಬೆದರಿದವು, ಎದ್ದು ನೋಡಿದರೆ ದೊಡ್ಡಿಯ ಬಾಗಿಲಿಗೆ ಚಿಗರಿ ಬಿದ್ದಿತ್ತು, ಜೀವ ಹೋಗಿತ್ತು, ಇನ್ನೂ ಬೆಚ್ಚಗಿತ್ತು. ಇಷ್ಟು ಅವನು ಹೇಳುವಷ್ಟರಲ್ಲಿ ಹೆಂಡತಿ ದುರಗಮ್ಮ ಒಳಗಿನಿಂದಲೇ ಮಾತು ಸೇರಿಸಿದಳು. ಅವಳಿಗೆ ಈ ಕಥೆಯಲ್ಲಿ ಸಂತೋಷವಿರಲಿಲ್ಲ.

"ನಾ ಖಾರ ಅರದು ಇಟ್ಟಿದ್ನಿರಿ. ಎಷ್ಟು ದಿನದ ಮ್ಯಾಲೆ ಅಡವಿತಾಯಿ ಬಾಗಲಿಗೆ ತಂದು ಹಾಕಿದ್ಲು. ಈ ಮನಶ್ಯಾ ಚೂರಿ ಹಿಡಕೊಂಡು ಕುಂತಾವ ಹೋ ಅಂತ ಎದ್ದ."

ಚೂರಿ ಹಿಡಿದು ಕೂತಾಗ ಮುದಿಯಪ್ಪನಿಗೆ ಕೊಂಬಿಗೆ ಸುತ್ತಿದ ಶಿವದಾರ ಕಂಡಿತು, ದಾರದ ತುದಿಗೆ ಬೆಳ್ಳಿಯ ಗುಂಡಗಡಗಿ. ಬಿಚ್ಚಿ ನೋಡಿದ, ಒಳಗೆ ಲಿಂಗ. ಚೂರಿಯನ್ನು ಅಷ್ಟು ದೂರ ಎಸೆದನಂತೆ. ಕಾಣೆಯಾಗಿದ್ದ ಅಯ್ಯ ಎಲ್ಲಿಗೂ ಹೋಗಿರಲಿಲ್ಲ, ಚಿಗರಿಯಾಗಿ ಗುಡ್ಡದಲ್ಲೇ ಇದ್ದ, ಕಾಲ ತುಂಬಿದಾಗ ತನ್ನ ಬಾಗಿಲಿಗೇ ಬಂದ. ಇದರಲ್ಲಿ ಮುದಿಯಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಲಿಂಗವಂತರನ್ನು ಮಣ್ಣು ಮಾಡುವುದನ್ನು ಅವನು ದೂರ ನಿಂತು ನೋಡಿದ್ದ. ನೋಡಿದ್ದಷ್ಟನ್ನು ಮಾಡಿದ. ಕುಣಿ ತೆಗೆದು, ಚಿಗರಿಯನ್ನು ಕೂಡಿಸಿ, ಉತ್ತರಕ್ಕೆ ಮುಖ ಮಾಡಿ, ಬೆನ್ನಿಗೆ ಕಲ್ಲು ಆನಿಸಿ, ಮನೆಯಲ್ಲಿದ್ದ ಉಪ್ಪನ್ನೆಲ್ಲ ಸುರಿದ. ಉಪ್ಪು ಎಂದ ಕೂಡಲೇ ಒಳಗೆ ದುರಗಮ್ಮ ಕೆಮ್ಮಿದಳು. ಮುದಿಯಪ್ಪ ಕೇಳಿಸದವನ ಹಾಗೆ ಮುಂದುವರಿಸಿದ.

"ಲಿಂಗ ಎಡಗೈಯಾಗ ಇಡ್ತಾರ, ಅದು ಗೊತ್ತಿತ್ರಿ ನನಗ. ಆದ್ರ ಚಿಗರೀಗೆ ಎಡಗೈ ಯಾವುದು? ಎಲ್ಲಾ ಕಾಲ ಅದಾವಲ್ಲ. ಭಾಳ ಹೊತ್ತು ಯೋಚನಿ ಮಾಡಿದ್ವಿ. ಕಡೀಕ ಮುಂದಿನ ಎಡಗಾಲಿನ ಗೊರಸಿಗೆ ಇಟ್ಟು ದಾರ ಕಟ್ಟಿದ್ನಿ. ನೀವು ಲಿಂಗವಂತರು. ನಾವು ಮಾಡಿದ್ದರಾಗ ತಪ್ಪೇನರ ಆಗೇತೇನ್ರಿ?"

ಕೊಟ್ರಪ್ಪನ ಅಪ್ಪನನ್ನು ಕುಣಿಯಲ್ಲಿ ಕೂಡಿಸಿದಾಗ ತಲೆ ಒಂದು ಕಡೆ ವಾಲಿತ್ತು. ಕೊಟ್ರಪ್ಪ ಆಗ ಸಾಲಿ ಕಲಿಯುತ್ತಿದ್ದ. ಕುಣಿಯ ಅಂಚಿನಲ್ಲಿ ನಿಂತು, ಯಾರಾದರೂ ತಲೆಯನ್ನು ನೆಟ್ಟಗೆ ಮಾಡಬಾರದೇ ಎಂದು ಒಳಗೊಳಗೇ ಒದ್ದಾಡಿದ್ದ. ಅಯ್ಯನವರು ಎಡಗೈಯ ಬೆರಳು ಒಂದೊಂದಾಗಿ ಬಿಡಿಸಿ, ಲಿಂಗವಿಟ್ಟು, ಬೆರಳು ಮಡಿಸಿದ್ದರು. ಆಗ ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ ಹಾಗೆ ಕಂಡಿತ್ತು. ಆಮೇಲೆ ವಿಭೂತಿ, ಪತ್ರಿ, ಉಪ್ಪು, ಮಣ್ಣು. ಮೊಣಕಾಲು ಮುಚ್ಚಿತು, ಎದೆ ಮುಚ್ಚಿತು, ಮೂಗಿನವರೆಗೆ ಬಂದಾಗ ಉಸಿರು ಕಟ್ಟಿ ಅವನು ಕಿರುಚಿದ್ದ. ಇಂದು ಬೆಳಿಗ್ಗೆ, ತಾನು ಬರಿಗೈಗೆ ನೀರು ಹನಿಸುತ್ತ ಕೂತಾಗ, ಇಲ್ಲಿ ಇವರು ಉತ್ತರಕ್ಕೆ ಮುಖ ಮಾಡಿ ಕೂಡಿಸಿ ಉಪ್ಪು ಸುರಿಯುತ್ತಿದ್ದರು. ಲಿಂಗದ ಜೊತೆಗೆ ಮಣ್ಣಾಗುವವನು ಲಿಂಗದ ಒಡೆಯ. ಇಲ್ಲಿ ಮಣ್ಣಾದದ್ದು ಯಾರು? ವಲ್ಲಿಯ ಕೆಳಗೆ ಕೊರಳಿನ ಗೆರೆ ಉರಿಯತೊಡಗಿತು. ಅದು ನನ್ನದು, ಅಗೆದು ಕೊಡು ಎಂದು ಹೇಳಿದರೆ ಮುಗಿಯಿತು, ಸಂಜೆಗೆ ಎದೆಯ ಮೇಲಿರುತ್ತದೆ, ಹೊಟ್ಟೆ ತುಂಬ ನೀರು ಕುಡಿಯಬಹುದು. ಬಾಯಿ ತೆರೆದ. ಮುದಿಯಪ್ಪ ಸಾಲಿಯ ಹುಡುಗ ಪಾಟಿ ತೋರಿಸುವ ಹಾಗೆ ಮುಖವನ್ನೇ ನೋಡುತ್ತಿದ್ದ. ಬೆಳ್ಳಿ ಸಹಿತ ಹೂಳಿದ್ದಾನೆ, ಬಾಯಿಗೆ ಬಂದ ಬಾಡನ್ನು ಬಿಟ್ಟಿದ್ದಾನೆ, ಮನೆಯ ಉಪ್ಪು ಸುರಿದಿದ್ದಾನೆ.

"ಏನೂ ತಪ್ಪಾಗಿಲ್ಲ" ಎಂದ ಕೊಟ್ರಪ್ಪ. "ಬರೋಬ್ಬರಿ ಮಾಡಿದಿ."

ದಾರಿಯಲ್ಲಿ ಜಿಲಾನಸಾಬ ಎರಡು ಸಲ ತಿರುಗಿ ಗುಡ್ಡದ ಕಡೆ ನೋಡಿದ. ಆಮೇಲೆ, ಗುದ್ದಲಿ ತಂದು ಒಂದು ರಾತ್ರಿ ಕೆಲಸ ಮುಗಿಸಬಹುದು ಎಂದ, ಹೇಳಿದವನೇ ತನ್ನ ಮಾತಿಗೆ ತಾನೇ ತಲೆ ಅಲ್ಲಾಡಿಸಿದ. ನಿನ್ನ ಗೋರಿಯನ್ನು ನೀನೇ ನೋಡಿ ಬಂದಿ, ಇದು ಎಲ್ಲರಿಗೂ ಸಿಗುವ ನಸೀಬಲ್ಲ ಎಂದು ನಗಿಸಲು ನೋಡಿದ. ಕೊಟ್ರಪ್ಪ ನಗಲಿಲ್ಲ. ತಾನು ಹೇಳದೆ ಬಂದದ್ದು ಮುದಿಯಪ್ಪನ ಮೇಲಿನ ಕನಿಕರದಿಂದ ಎಂದು ನಂಬುವುದು ಹಿತವಾಗಿತ್ತು. ಆದರೆ ಬಾಯಿ ತೆರೆದ ಗಳಿಗೆಯಲ್ಲಿ ಕಣ್ಣ ಮುಂದೆ ಬಂದದ್ದು ಮುದಿಯಪ್ಪನಲ್ಲ, ನೆಟ್ಟಗೆ ಕೂತ ಅವ್ವನ ಬೆನ್ನು. ಅದು ಅವನಿಗೆ ಗೊತ್ತಿತ್ತು.

ಸಂಜೆಗೆ ಸುದ್ದಿ ಯಲಬುರ್ಗಿಗೆ ಬಂತು, ಅವರಿಗಿಂತ ತುಸು ಮೊದಲೇ. ಊರಿನವರು ಎರಡು ಸುದ್ದಿಗಳನ್ನು ಗಂಟು ಹಾಕಿ ಒಂದು ಮಾಡಿದ್ದರು. ಚಿಗರಿ ಅಯ್ಯ ದೇಹ ಬಿಟ್ಟ ರಾತ್ರಿಯೇ, ಅದೇ ದಾರಿಯಲ್ಲಿ ಕೊಟ್ರಪ್ಪ ಬಿದ್ದು ಉಳಿದ ಎಂದರೆ ಕಾದವರು ಯಾರು ಎಂದು ಕೇಳಬೇಕೇ? ಅವ್ವ ಪಡಸಾಲೆಯಲ್ಲಿ ನಿಂತಿದ್ದಳು, ನಾಳೆ ಬೆಳಿಗ್ಗೆ ಬಂಡಿ ಹೂಡಬೇಕು, ಅಯ್ಯನ ಗದ್ದುಗೆಗೆ ನೀರು ಹಾಕಿ ಬರಬೇಕು ಎಂದಳು. ಕೊಟ್ರಪ್ಪ ಮೊಣಕಾಲು ನೋವು ಎಂದ. ಮೊಣಕಾಲು ಇದೆಯಲ್ಲ, ಅದಕ್ಕೇ ಹೋಗಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ರಾತ್ರಿ ಶಂಕ್ರಮ್ಮ ಹಾಲು ತಂದು ತಲೆಯ ಹತ್ತಿರ ಇಟ್ಟಳು. ಅವನು ಗೋಡೆಯ ಕಡೆ ತಿರುಗಿದ. ಅವಳು ದೀಪ ಸಣ್ಣದು ಮಾಡಿ, ಕತ್ತಲಲ್ಲಿ, ಅತ್ತೆಗೆ ಹೇಳಿಬಿಡಿ ಎಂದಷ್ಟೇ ಅಂದಳು. ಅವನು ನಿದ್ದೆ ಬಂದವನ ಹಾಗೆ ಉಸಿರಾಡಿದ.

ಮರುದಿನ ಬಂಡಿಯಲ್ಲಿ ಅವ್ವ ಮಡಿಲಲ್ಲಿ ಹಿತ್ತಾಳೆಯ ತಂಬಿಗೆ ಇಟ್ಟುಕೊಂಡು ಕೂತಿದ್ದಳು. ಮನೆಯ ಬಾವಿಯ ನೀರು. ಗಾಲಿ ಎಗರಿದಾಗಲೆಲ್ಲ ನೀರು ತುಳುಕಿ ಅವಳ ಕೈ ಒದ್ದೆಯಾಗುತ್ತಿತ್ತು. ಕೊಟ್ರಪ್ಪನ ಕಣ್ಣು ಆ ಕೈಯನ್ನು ಬಿಟ್ಟು ಅಲುಗಲಿಲ್ಲ. ತುಟಿ ಒಡೆದಿತ್ತು, ಕಿವಿಯಲ್ಲಿ ಫಟಫಟಿಯ ಗಾಲಿ ಟಿಕ್ ಟಿಕ್ ಎನ್ನುತ್ತಿತ್ತು, ಹೊಲಗಳು ಬಿಳಿಚಿಕೊಂಡು ತೇಲುತ್ತಿದ್ದವು. ಆ ತಂಬಿಗೆಯನ್ನು ಕಸಿದು ಎತ್ತಿ ಸುರಿದುಕೊಂಡುಬಿಡುತ್ತೇನೆ ಎಂದು ಅವನಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. ಅಜ್ಜ ಹೊಳೆಯ ಎದುರಿಗೆ ಹೇಗೆ ಕೂತಿದ್ದನೋ. ತಾನು ಒಂದು ತಂಬಿಗೆಯ ಎದುರಿಗೆ ಕೂಡಲಾರೆ.

ಗದ್ದುಗೆಗೆ ಒಂದೇ ದಿನದಲ್ಲಿ ಸುತ್ತ ಕಲ್ಲು ಬಂದಿದ್ದವು. ಮುದಿಯಪ್ಪ ಕಾಯಿ ಒಡೆಯುವ ಕಲ್ಲು ತರಲು ಗುಡಿಸಲಿನ ಹಿಂದೆ ಹೋದ, ಶಂಕ್ರಮ್ಮ ಪತ್ರಿ ತೊಳೆಯಲು ದುರಗಮ್ಮನ ಹಿಂದೆ ನಡೆದಳು. ಅವ್ವ ಸೆರಗು ಸರಿಮಾಡಿಕೊಂಡು ತಂಬಿಗೆ ಬಗ್ಗಿಸಿದಳು. ಹಸಿಮಣ್ಣು ನೀರು ಕುಡಿಯುವ ಸದ್ದು ಕೇಳಿಸಿತು. ಅರ್ಧ ಸುರಿದು, ತಂಬಿಗೆ ಪಕ್ಕಕ್ಕೆ ಇಟ್ಟು, ಮೊಣಕಾಲೂರಿ, ಹಣೆಯನ್ನು ಮಣ್ಣಿಗೆ ಹಚ್ಚಿ, ನನ್ನ ಮಗನನ್ನು ಉಳಿಸಿದಿ ಎಂದಳು. ನರೆತ ತುರುಬು ಮಣ್ಣಿನ ಮೇಲೆ ಅಲುಗುತ್ತಿತ್ತು. ಮಗನ ಮಣ್ಣಿನ ಮೇಲೆ ತಾಯಿ ಬಿದ್ದದ್ದನ್ನು ಕೊಟ್ರಪ್ಪ ಊರಿನಲ್ಲಿ ಕಂಡಿದ್ದ. ಹೀಗೇ ಇರುತ್ತದೆ. ಒಂದಿಷ್ಟೂ ಬೇರೆ ಇರುವುದಿಲ್ಲ. ಅವನಿಗೆ, ತಾನು ಕೆಳಗಿನಿಂದ, ಉಪ್ಪಿನ ಒಳಗಿನಿಂದ ಅವಳ ಹಣೆಯ ಭಾರವನ್ನು ತಡೆಯುತ್ತಿರುವ ಹಾಗೆ ಅನ್ನಿಸಿತು.

"ಅವ್ವಾ, ಏಳು. ಅದು ನಂದು."

ಅವಳು ತಲೆ ಎತ್ತಿದಳು. ಹಣೆಗೆ ಮಣ್ಣು ಮೆತ್ತಿತ್ತು. ಅವನು ಕೊರಳಿನ ವಲ್ಲಿ ತೆಗೆದ. ಅಂಗಿಯ ಗುಂಡಿ ಬಿಚ್ಚಿ ಬರಿಯ ಎದೆ ತೋರಿಸಿದ. ಕಲ್ಲಲ್ಲ ಚಿಗರಿ ಎಂದ, ಕೊಂಬಿಗೆ ಸಿಕ್ಕು ಹೋಯಿತು ಎಂದ, ಇವರು ಅದರ ಜೊತೆಗೇ ಮಣ್ಣು ಮಾಡಿದ್ದಾರೆ ಎಂದ. ಬಂದ ರಾತ್ರಿ ನೀರು ಕುಡಿದೆ, ಆಮೇಲಿಂದ ಕುಡಿದಿಲ್ಲ, ಆದರೆ ಅಜ್ಜನ ಹಾಗೆ ನನ್ನಿಂದ ಆಗುವುದಿಲ್ಲ, ನಾನು ಅಂಥವನಲ್ಲ ಎಂದ. ಹೇಳಿ ಮುಗಿಸುವಷ್ಟರಲ್ಲಿ ನಾಲಗೆ ಒಣಗಿ ಮಾತು ತೊದಲಿತ್ತು.

ಅವ್ವ ಆ ಕೆಂಪು ಗೆರೆಯನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಬೆನ್ನು ಬಾಗಿತು. ಅಂಥ ಬೆನ್ನನ್ನು ಅವನು ಎಂದೂ ಕಂಡಿರಲಿಲ್ಲ, ಅದರ ಗುರುತೇ ಹತ್ತಲಿಲ್ಲ. ಅವಳು ಕೈ ಚಾಚಿ ತಂಬಿಗೆ ಎತ್ತಿಕೊಂಡಳು. ನೀರು ತುಳುಕಿ ಅವಳ ಸೀರೆಯ ಮೇಲೆ ಚೆಲ್ಲಿತು.

"ನಮ್ಮಪ್ಪ ಹೊಳೀ ಬಂಡಿಗಲ್ಲಿನ ಮ್ಯಾಲೆ ಕುಂತಾಗ ನಾ ಚರಿಗಿ ಹಿಡಕೊಂಡು ಅಲ್ಲೇ ನಿಂತಿದ್ದೆ" ಎಂದಳು. "ಒಂದು ಗುಟುಕು ಕುಡಿಯಪ್ಪ ಅಂದೆ. ಕುಡೀಲಿಲ್ಲ. ಅವ ನನ್ನ ಮಾರಿ ಸುದ್ದಾ ನೋಡ್ಲಿಲ್ಲ."

ಆ ಕಥೆಯನ್ನು ಅವನು ಎಷ್ಟು ಸಲ ಕೇಳಿರಲಿಲ್ಲ! ಹೊಳೆಯಿತ್ತು, ಬಂಡೆಯಿತ್ತು, ಮುಳುಗುವವರು, ಸ್ವಾಮಿಗಳು ಎಲ್ಲರೂ ಇದ್ದರು. ಚರಿಗಿ ಹಿಡಿದು ನಿಂತ ಹುಡುಗಿ ಒಂದು ಸಲವೂ ಇರಲಿಲ್ಲ.

ಗುಡಿಸಲಿನ ಹಿಂದಿನಿಂದ ಮುದಿಯಪ್ಪ ಕಲ್ಲು ಹೊತ್ತು ಬರುತ್ತಿದ್ದ. ಅವನಿಗೆ ಏನೂ ಹೇಳಬೇಡ, ಅದು ಅಲ್ಲೇ ಇರಲಿ ಎಂದು ಅವ್ವ ಸಣ್ಣ ದನಿಯಲ್ಲಿ ಅಂದಳು. ಬೇರೆಯದನ್ನು ಕೊಪ್ಪಳದಲ್ಲಿ ಕಟ್ಟಿಸೋಣ, ಯಾರು ಕೇಳಿದರೂ ಹೇಳೋಣ. ಹೇಳುತ್ತಲೇ ಹತ್ತಿರಕ್ಕೆ ಸರಿದು, ಜ್ವರದ ಹುಡುಗನಿಗೆ ಕಷಾಯ ಕುಡಿಸುವಾಗಿನ ಹಾಗೆ ಎಡಗೈಯಿಂದ ಅವನ ದವಡೆ ಹಿಡಿದಳು.

"ನೀ ಕುಡಿ."

ತಂಬಿಗೆಯ ಅಂಚು ಅವನ ಹಲ್ಲಿಗೆ ಬಡಿಯಿತು. ನೀರು ಗಂಟಲಿಗೆ ಇಳಿಯಿತು, ಗದ್ದದಿಂದ ಇಳಿದು ಕೊರಳಿನ ಗೆರೆಯನ್ನು ಸುಟ್ಟು ಬರಿಯ ಎದೆಯ ಮೇಲೆ ಹರಿಯಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ತಂಬಿಗೆ ಬರಿದಾಗುವವರೆಗೆ ದವಡೆಯ ಮೇಲಿನ ಕೈ ಬಿಡಲಿಲ್ಲ.